ಹದಿನಾಕು ಮದಿವ್ಯಾಗ ಅತ್ತ ಬೀಗತಿ

ಅಕ್ಕೋಳದ ಭರಮು ಮದಿವಿ ವಿಡಿಯೋ ತಗಿಯೂ ಮನಶ್ಯಾ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ ಅಂತ ಹೆಗಲಿಗೆ ಕ್ಯಾಮೆರಾ ಹಾಕ್ಕೊಂಡು ಮಂಟಪದಿಂದ ಮಂಟಪಕ್ಕ ತಿರಗತಿದ್ದ. ಅರ್ಧಾ ಮಾರಿ ಯಾವಾಗಲೂ ಕ್ಯಾಮೆರಾದ ಹಿಂದ. ಇವನ ಬಲಗಣ್ಣು ಹೆಂಗೈತಿ ಅಂತ ಕಟಗೊಂಡ ಹೆಂಡತಿಗಷ್ಟ ಗೊತ್ತು ಅಂತ ಮಂದಿ ನಗತಿದ್ರು. ಅದು ಹೊಟ್ಟಿಪಾಡು. ಹೊಟ್ಟಿ ಒಳಗ ಇದ್ದದ್ದು ಬ್ಯಾರೇನ: ಅವಗ ಒಂದು ಸಿನೆಮಾ ಮಾಡಬೇಕಾಗಿತ್ತು.

ಕತಿ ಬರದ ಇಟ್ಟಿದ್ದ. ಒಬ್ಬಾಕಿ ತಾಯಿ ಬಡತನಕ್ಕ ಎಳೀ ಕೂಸನ್ನ ಯಾರಿಗೋ ಕೊಟ್ಟಿರತಾಳ. ಆ ಮಗಳು ಈಗ ಮದಿವಿ ವಯಸ್ಸಿಗೆ ಬಂದಿರಬೇಕಂತ, ಕರೀದಿದ್ರೂ ಊರೂರಿನ ಮದಿವಿಗೆ ಹೋಗಿ, ಮದಿಮಗಳ ಮಾರಿ ನೋಡಿ ಅಳತಾಳ. ಕಡೀಕ ಒಂದು ಮದಿವ್ಯಾಗ ಮದಿಮಗಳು, "ನೀ ಯಾರ?" ಅಂತ ಕೇಳತಾಳ. ತಾಯಿ, "ಹಾದಿ ಹಿಡದ ಹೊಂಟಾಕಿ, ನಾಕು ಅಕ್ಕಿಕಾಳ ಹಾಕಿ ಹೋಗತೀನಿ" ಅಂದು ಹೋಗಿಬಿಡತಾಳ. ಅಲ್ಲಿಗೆ ಸಿನೆಮಾ ಮುಗೀತು.

ಇದನ್ನ ಬಗಲಾಗ ಇಟಗೊಂಡು ಕೊಲ್ಲಾಪುರಕ್ಕ ಹೋದ. ಅಲ್ಲಿ ಸಿನೆಮಾಕ್ಕ ರೊಕ್ಕಾ ಹಾಕೂ ಒಬ್ಬ ಸಾಹುಕಾರ, "ಇದು ಕಾನಡಿ ಐತಿ, ನಮಗ ನಡ್ಯಾಂಗಿಲ್ಲ" ಅಂದ. ಬೆಂಗಳೂರಿಗೆ ಹೋದ. ಅಲ್ಲಿಯವ ಎರಡು ಹಾಳಿ ಓದಿಸಿ ಕೇಳಿ, "ಮರಾಠಿ ಚೆನ್ನಾಗಿ ಓದ್ತೀರಿ, ಈಗ ಕನ್ನಡದಲ್ಲಿ ಹೇಳಿ" ಅಂದ. ಭರಮು ತಿರುಗಿ ಬಸ್ಸು ಹತ್ತಿದ.

ಬರೂವಾಗ ಅವಗ ಬುದ್ಧಿ ಹೊಳೀತು. ಮದಿವಿ ಅಂದ್ರ ಏನು? ಮಂಟಪ ಐತಿ, ದೀಪ ಅದಾವು, ಬ್ಯಾಂಡ್ ಐತಿ. ಸಾವಿರ ಮಂದಿ ತಾವಾಗೇ ಪೌಡರ ಬಡಕೊಂಡು, ಜರತಾರಿ ಉಟಗೊಂಡು ಬಂದಿರತಾರ. ಊಟಾನೂ ಅವರದ. ಸಿನೆಮಾನ್ನ ಮಂದಿ ಮದಿವ್ಯಾಗ ತಗದ್ರಾತು! ನಟನಾ ಮಾಡಾವರು ಒಬ್ಬರ ಇರಬೇಕು, ಉಳದ ಮಂದಿ ಖರೇನ ಇರಬೇಕು, ಕಡೀ ಮಾತು ಸೈತ ಖರೇ ಮದಿಮಗಳ ಬಾಯಿಂದ ತಾನಾಗಿ ಬರಬೇಕು. ಕಲಿಸಿದ ಮಾತು ಕ್ಯಾಮೆರಾಕ್ಕ ವಾಸನಿ ಹೊಡಿತೈತಿ ಅಂತ ಅವನ ನಂಬಿಕಿ.

ಆ ಒಬ್ಬಾಕಿ ಅಂದ್ರ ಜನಾಬಾಯಿ. ನಿಪ್ಪಾಣಿ ತಂಬಾಕು ವಖಾರ್ಯಾಗ ಎಲಿ ಆರಿಸೂ ಹೆಣಮಗಳು, ಸೂಟಿ ದಿವಸ ಮಂದಿ ಕಬ್ಬಿನ ಹೊಲದಾಗ ಕಸಾ ತಗೀತಿದ್ದಳು. ಮನ್ಯಾಗ ಗ್ವಾಡಿಮ್ಯಾಲ ಬುದ್ಧನ ಫೋಟೋ, ಅದರ ಕೆಳಗ ಗಂಡ ರಾಜಾರಾಮನ ಖಾಟು.

"ಅಳಾಕ ಬರತೈತೇನ್ರಿ ಬಾಯಿ?" ಅಂತ ಭರಮು ಕೇಳಿದ.

"ತಂಬಾಕಿನ ಧೂಳಿಗೆ ಇಪ್ಪತ್ತು ವರ್ಷ ಕಣ್ಣೀರ ಸುರಿಸೇನಿ. ನೆರಳಾಗ ಕುರ್ಚಿಮ್ಯಾಲ ಕುಂತು ಅಳೂದು ಏನ ದೊಡ್ಡ ಕೆಲಸಲೇ?" ಅಂದಳು.

ಎರಡ ಸಾವಿರದ ಐದರಾಗ ಶುರು ಆತು. ಮೊದಲನೇ ಮದಿವ್ಯಾಗ ಜನಾಬಾಯಿ ಎಂಥಾ ಚಂದ ಅತ್ತಳಂದ್ರ, ಬಾಜೂಕ ಕುಂತ ನಾಕು ಮಂದಿ ಹೆಂಗಸರೂ ಅತ್ತರು. ಆದ್ರ ಮದಿಮಗಳು ಏನೂ ಕೇಳಲಿಲ್ಲ. ಎರಡನೇದಾಕೀನೂ ಕೇಳಲಿಲ್ಲ, ಮೂರನೇದಾಕೀನೂ ಕೇಳಲಿಲ್ಲ. ನಮ್ಮ ಕಡೆ ಮದಿವ್ಯಾಗ ಬಂದಾವರಿಗೆ "ನೀವು ಯಾರ್ರಿ" ಅಂತ ಯಾರರ ಕೇಳತಾರೇನು? ಹೆಣ್ಣಿನ ಕಡ್ಯಾವರು ಇಕಿ ಗಂಡಿನ ಕಡ್ಯಾಕಿ ಅಂತಾರ, ಗಂಡಿನ ಕಡ್ಯಾವರು ಹೆಣ್ಣಿನ ಕಡ್ಯಾಕಿ ಅಂತಾರ. ಕೇಳಿದ್ರ ಬೀಗರಿಗೆ ಅಪಮಾನ. ಭರಮೂನ ಸಿನೆಮಾ ಮುಗ್ಯಾಕ ಬೇಕಾಗಿದ್ದ ಒಂದ ಮಾತು, ಈ ಸೀಮ್ಯಾಗ ಯಾರೂ ಆಡದ ಮಾತು.

ಕೇಳೂದು ಇರಲಿ, ರಾಯಬಾಗದ ಮದಿವ್ಯಾಗ ಆಕೀನ್ನ ಕರದು ಆಯೇರ ಮಾಡಿದ್ರು. ಸೀರಿ, ಕುಪ್ಪಸದ ಖಣ, ಟೆಂಗಿನಕಾಯಿ. "ಯಜಮಾನರು ಬಂದಿಲ್ಲೇನ್ರಿ?" ಅಂತ ರಾಜಾರಾಮಗ ಟೊಪಗಿ, ಟಾವೆಲ್ಲೂ ಕೊಟ್ಟರು. ಚಿಕ್ಕೋಡ್ಯಾಗ ಫೋಟೋಕ್ಕ ಮದಿಮಗನ ಮಗ್ಗಲಕ ನಿಂದ್ರಿಸಿದ್ರು. ಆ ಮನೀ ಹೊಲದಾಗ ಹಿಂದಿನ ವಾರ ಆಕಿ ಕಸಾ ತಗದಿದ್ದಳು. ಅವತ್ತ ಆಕೀಗೆ ನೀರು ಕುಡ್ಯಾಕ ಕೊಡೂವಾಗ ಮ್ಯಾಲಿಂದ ಬೊಗಸಿಗೆ ಸುರುವಿದ ಆ ಮನೀ ಯಜಮಾನತಿ, ಇವತ್ತ ಅದ ಕೈಲೆ ಬುಂದೆ ಉಂಡಿ ಬಾಯಾಗ ತುರುಕಿ, "ಒಂದ ತಿನ್ರಿ ಬೀಗತೇರ, ನನ್ನ ಆಣಿ" ಅಂತ ಗಂಟ ಬಿದ್ದಳು. ಜರತಾರಿ ಸೆರಗಿನಾಗ ಗುರತ ಹತ್ತಲಿಲ್ಲ.

"ಭರಮಣ್ಣಾ, ನಿನ್ನ ಸಿನೆಮಾ ಮುಗಿಸಬ್ಯಾಡೋ ಮಾರಾಯಾ" ಅಂತ ರಾಜಾರಾಮ ಹೊಸಾ ಟೊಪಗಿ ತಿರುವಿಕೋತ ಅಂದ. "ಟ್ರಂಕು ತುಂಬೈತಿ. ಮಂದಿ ನನಗ ಗೌಡ್ರ ಅನ್ನಾಕತ್ತಾರ."

ವಿಡಿಯೋ ನೋಡಿದ ಮನಿಯಾವರು ಈ ಅಳೂ ಹೆಣಮಗಳನ್ನ ನೋಡಿ, ಇಕಿ ಯಾರರ ಇರಬೇಕು ಅಂತ ತಮ್ಮತಮ್ಮೊಳಗ ಹೇಳಿಕೊಂಡ್ರು. ಕಡೀಕ ಆಕೀಗೆ ಅಥಣಿ ಕಡೆ ಅನಂತಪುರದ ದ್ರಾಕ್ಷಿ ತ್ವಾಟದ ಮಾವಶಿ, ಅಂದ್ರ ಚಿಗವ್ವ, ಅಂತ ಹೆಸರಾತು. ಆಕಿ ಅತ್ತ ಮದಿವಿ ಚಲೋ ಬಾಳತೈತಿ ಅಂತ ಮಾತೂ ಹುಟ್ಟಿತು. ಹತ್ತನೇ ಮದಿವಿ ಅನ್ನೂದ್ರಾಗ ಮಂದಿ ಭರಮೂಗ ಫೋನ್ ಹಚ್ಚಿ, "ವಿಡಿಯೋ ನಿಮ್ಮದ ಇರಲಿ, ಖರೆ ಆ ಅಳೂ ಮಾವಶೀನ ಕರಕೊಂಡ ಬರ್ರಿ" ಅನ್ನಾಕತ್ತರು. ಧಂಧೆ ಜೋರಾತು. ಸಿನೆಮಾ ಹಾಳಾತು. ಕರೀದ ಬಂದಾಕಿ ಕತಿ ಅದು, ಈಗ ನೋಡಿದ್ರ ಆಕೀಗೆ ಸೋಫಾ ಹಾಕಿಟ್ಟಿರತಿದ್ರು! ಅಥಣ್ಯಾಗಂತೂ ಎರಡೂ ಕಡ್ಯಾವರಿಗೆ ಯಾರಿಗೆ ಮೊದಲ ಮಾನ ಅನ್ನೂ ಮಾನಪಾನದ ಜಗಳ ಹತ್ತಿ, "ಮಾವಶಿ ಹೇಳಿದಂಗ ಆಗಲಿ" ಅಂದ್ರು. ಆಕಿ ಹೇಳಿದಳು, ಅವರು ಕೇಳಿದ್ರು.

"ನಾ ಅಳೂದ ಬಿಟ್ಟು ನ್ಯಾಯಾ ಮಾಡಾಕತ್ತೇನಿ," ಅಂದಳು ಜನಾಬಾಯಿ. "ಇನ್ನೊಂದ ಮದಿವಿ ಅಷ್ಟ. ವಖಾರ್ಯಾಗ ಕೆಲಸಕ್ಕ ಹೋಗದ ಖಾಡೆ ಬಾಳ ಆದುವು."

ಭರಮು ಕೈ ಮುಗದ. ನಾಕು ವರ್ಷದ ಕೆಲಸ ಒಂದ ಮಾತಿನಮ್ಯಾಲ ನಿಂತಿತ್ತು. ಮದಿಮಗಳಿಗೆ ಹೇಳಿಕೊಟ್ಟು ಕೇಳಿಸು ಅಂದ್ರ, "ಅದಕ್ಕಿಂತ ಕ್ಯಾಮೆರಾ ಕೃಷ್ಣಾ ನದ್ಯಾಗ ಒಗೀತೀನಿ" ಅಂದ.

ಹದಿನಾಕನೇದು ಕಾಗವಾಡದಾಗ. ಕಬ್ಬಿನ ದೊಡ್ಡ ಒಕ್ಕಲಮನಿ ಬಾಳಾಸಾಬನ ಮಗಳು ಕೋಮಲಳ ಮದಿವಿ. ಅಕ್ಷತಾ ಹನ್ನೆರಡೂ ಮೂವತ್ತೈದಕ್ಕ. ಮದಿಮಕ್ಕಳ ನಡುವ ಅಂತರಪಟ ಹಿಡದಾರ, ಮಂಗಳಾಷ್ಟಕ ನಡದಾವು, ಜನಾಬಾಯಿ ಮದಿಮಗಳಿಂದ ನಾಕು ಮೊಳ ದೂರ ಕುಂತು ಕಣ್ಣ ಒರಸಾಕತ್ತಾಳ. ಅಷ್ಟರಾಗ ಅಡಗಿ ಕಡೆಯಿಂದ ಭಾಂಡೆ ತಿಕ್ಕಾಕ ಬಂದಿದ್ದ ಲಕ್ಕವ್ವ ಹಣಕಿ ಹಾಕಿದಳು. ಇಬ್ಬರೂ ಒಂದ ವಖಾರ್ಯಾಗ ಎಲಿ ಆರಿಸಾವರು.

"ಕಾಯ್ ಗ ಜನಾ!" ಅಂತ ಮರಾಠ್ಯಾಗ ಒದರಿದಳು. "ನಿನಗ ಜ್ವರ ಅಂತ ನಿನ್ನಿ ವಖಾರಿ ಮುಕಾದಮಗ ಹೇಳಿ ಬಂದೇನಿ. ನೀ ಇಲ್ಲಿ ಜರಿ ಸೀರಿ ಉಟ್ಟು ಯಾರಿಗಿ ಅಳಾಕತ್ತಿಬೇ?"

ಬಾಳಾಸಾಬ ಬೀಗರ ಕಡೆ ಹೊಳ್ಳಿ ನೋಡಿದ. "ಇವರು ನಿಮ್ಮ ಅನಂತಪುರದ ಮಾವಶಿ ಅಲ್ಲೇನ್ರಿ?"

"ನಮ್ಮಾಕೇನು? ನಿಮ್ಮಾಕಿ ಅಂತ ತಿಳದು ನಾವು ಪೈಠಣಿ ಸೀರಿ ಆಯೇರ ಮಾಡೇವ್ರಿ!"

"ನಾವೂ ಮಾಡೇವಿ!"

"ಹಂಗಾದ್ರ ನಿಮ್ಮಾಕೀನ. ಸುಮ್ಮಸುಮ್ಮನ ಯಾರರ ಪೈಠಣಿ ಕೊಡತಾರೇನು?"

ಭಟ್ಟರು ಗಡಿಯಾರ ನೋಡಿ ಮಂಗಳಾಷ್ಟಕ ಇನ್ನಷ್ಟು ಜೋರಾಗಿ ಹೇಳಿದ್ರು. ಆ ಗದ್ದಲದಾಗ ಕೋಮಲ ಬಾಸಿಂಗ ಸರಿಸಿ ಜನಾಬಾಯಿ ಕಡೆ ಬಾಗಿದಳು. ಹುಡುಗಿಗೆ ಸಿಟ್ಟಿರಲಿಲ್ಲ, ಖರೇನ ತಿಳಕೋಬೇಕಾಗಿತ್ತು.

"ಮಾವಶಿ, ನೀ ಯಾರ?"

ಭರಮು ಕ್ಯಾಮೆರಾನ್ನ ಜನಾಬಾಯಿ ಕಡೆ ಹೊಳ್ಳಿಸಿದ. ಈಗ ಜನಾಬಾಯಿ, ಹಾದಿ ಹಿಡದ ಹೊಂಟಾಕಿ ಅನ್ನೂ ಮಾತು ಹೇಳಬೇಕು. ಆಕಿ ಹೇಳಲಿಲ್ಲ.

"ನಾ ಜನಾಬಾಯಿ," ಅಂದಳು. "ತಂಬಾಕು ಆರಸಾಕಿ. ಹದಿನಾಕು ಮದಿವಿ ಆದುವವ್ವಾ, ಯಾರೂ ಕೇಳಿರಲಿಲ್ಲ."

ಅಂದು, ಎದ್ದು ಬಂದು, ಹುಡುಗೀ ತಲೀಮ್ಯಾಲ ಅಕ್ಕಿಕಾಳ ಹಾಕಿ ಹೊಂಟಳು. ಆಕೀನ್ನ ನೋಡಿ ಮಂಟಪದಾಗಿನ ಸಾವಿರ ಮಂದೀನೂ ಕೈಯಾನ ಅಕ್ಕಿ ಒಗದುಬಿಟ್ಟರು. ಭಟ್ಟರು ಸಾವಧಾನ ಅಂದು ಅಂತರಪಟ ಇಳಿಸಿದ್ರು, ಬ್ಯಾಂಡಿನಾವರು ಬಾರಿಸಿದ್ರು, ಮಾಲಿ ಬಿತ್ತು, ತಾಳಿ ಬಿತ್ತು. ಭರಮು ಒಂದೂ ನೋಡಲಿಲ್ಲ. ಬಾಗಲದಾಗ ಆಕೀ ಬೆನ್ನು ಕಾಣೂತನಕ ಹಿಡದಿದ್ದ. ಬರದ ಮಾತಿಗಿಂತ ಈ ಮಾತು ಚಲೋ ಇತ್ತು. ಅಳಾಕ ಹತ್ತಿದ.

"ಮಾಲಿ ಹಾಕಿದ್ದು ಬಂತೇನು?" ಅಂತ ಬಾಳಾಸಾಬ ಕೇಳಿದ.

"ಇಲ್ರಿ."

"ತಾಳಿ?"

"ಇಲ್ರಿ."

"ಮತ್ತ ಬಂದದ್ದರ ಏನು?"

"ಸಿನೆಮಾ ಬಂತ್ರಿ."

ಬಾಳಾಸಾಬ ಒದೀಲಿಲ್ಲ, ಬೈಲಿಲ್ಲ. ಕ್ಯಾಮೆರಾದಿಂದ ಕ್ಯಾಸೆಟ್ಟು ತಗಿಸಿಕೊಂಡ. ಅಕ್ಷತಾ ಎರಡ ಸಲ ಬೀಳಾಂಗಿಲ್ಲ. ಮಗಳ ಮದಿವಿ ಅಂತ ಉಳದದ್ದು ಅದೊಂದ. ಅದರಾಗ ಬೀಗರ ಜಗಳಾನೂ ಇತ್ತು, ಅದು ಊರಾಗ ತಿರಗಬಾರದು. ಭರಮೂನ್ನ ಎದುರಿಗೆ ಕುಂದ್ರಿಸಿ ಒಂದ ಸಿಡಿ ಮಾಡಿಸಿಕೊಂಡು, ಎರಡನ್ನೂ ದೇವರ ಕಪಾಟಿನಾಗ ಇಟ್ಟು ಕೀಲಿ ಹಾಕಿದ. ಭರಮು ಒಂದು ವರ್ಷ ಅಡ್ಡಾಡಿದ. ಕಡೀಕ ಕೋಮಲ ತವರಿಗೆ ಬಂದಾಗ ಅಪ್ಪಗ ಹೇಳಿ ಒಂದು ರಾಜಿ ಮಾಡಿಸಿದಳು: ಸಿಡಿ ಮನೀ ಹೊಸ್ತಲಾ ದಾಟಾಂಗಿಲ್ಲ, ನೋಡಾವರು ಬೇಕಾದ್ರ ಮನಿಗೆ ಬರಲಿ.

ಹಂಗಾಗಿ ಎರಡ ಸಾವಿರದ ಹತ್ತರಾಗ, ನಿಪ್ಪಾಣ್ಯಾಗ ಒಂದು ಮುಂಜಾನೆ ಉಳದ ಹದಿಮೂರು ಮದಿವಿ ಕೂಡಿಸಿ ಮಾಡಿದ ಸಿನೆಮಾ ತೋರಿಸಿ, ಕಡೀ ಸೀನು ಬರೂ ಹೊತ್ತಿಗೆ ಭರಮು ಅದನ್ನ ನಿಂದ್ರಿಸಿ, ದೀಪಾ ಹಚ್ಚಿ, ಮೂವತ್ತು ಮಂದೀನ ಎರಡು ಟೆಂಪೋದಾಗ ಹೇರಿಕೊಂಡು ಕಾಗವಾಡಕ್ಕ ಹೋದ. ಕೊಲ್ಲಾಪುರದ ಸಾಹುಕಾರನೂ ಇದ್ದ. ಬಾಳಾಸಾಬ ಎಲ್ಲಾರಿಗೂ ಚುನಮರಿ, ಚಾ ಕೊಡಿಸಿದ. ಖರೆ ಸಿಡೀನ್ನ ನಡುವಿಂದ ಹಚ್ಚಾಕ ಒಪ್ಪಲಿಲ್ಲ. ಅರಿಷಿಣದಿಂದ ಹಿಡದು ಎರಡು ತಾಸು ಮದಿವಿ ನೋಡಬೇಕಾತು. ಆಮ್ಯಾಲ ಟಿವಿಯಾಗ ಕೋಮಲ ಬಾಗಿ ಕೇಳಿದಳು, ಜನಾಬಾಯಿ ಹೇಳಿದಳು. ಖುದ್ದ ಜನಾಬಾಯಿ ನೋಡಾಕ ಬಂದಿರಲಿಲ್ಲ. ಇನ್ನೊಂದ ಖಾಡೆ ಮಾಡಿದ್ರ ಕೆಲಸದಿಂದ ತಗೀತೀನಿ ಅಂತ ಮುಕಾದಮ ಅಂದಿದ್ದ.

"ಇದರದೊಂದು ನಕಲು ಸಿಗತೈತೇನ್ರಿ?" ಅಂತ ಸಾಹುಕಾರ ಕೇಳಿದ.

"ಇಲ್ರಿ," ಅಂದ ಬಾಳಾಸಾಬ. "ಮತ್ತೊಮ್ಮೆ ಬರ್ರಿ. ಮನಿಯವರನ್ನೂ ಕರಕೊಂಡ ಬರ್ರಿ."

ಭರಮು ಮನಿಗೆ ಬಂದು ಸಿನೆಮಾದ ಕಟ್ಟಕಡೀಗೆ ಕರೇ ಪರದೆಮ್ಯಾಲ ಬಿಳೇ ಅಕ್ಷರದಾಗ ಬರದು ಕೂಡಿಸಿದ: "ಕಡೀ ಸೀನು ನೋಡಾಕ: ಬಾಳಾಸಾಬರ ಮನಿ, ಕಾಗವಾಡ. ಮುಂಜಾನೆ ಹತ್ತರ ಮ್ಯಾಲ. ಗುರುವಾರ ಬರಬ್ಯಾಡ್ರಿ, ಅವರ ಮನ್ಯಾಗ ಉಪಾಸ ಇರತೈತಿ."