ತಲೆ ಕೆದರಿಕೊಂಡ ಫೋಟೋನೇ ಬೇಕಂತೆ

ಸ್ನೇಹಿತರೇ, ಕಾಯಿಲೆ ಇದ್ದರೆ ಸಾಲದು, ಅದು ಫೋಟೋದಲ್ಲೂ ಬೀಳಬೇಕಂತೆ. ಇವತ್ತು ಗೊತ್ತಾಯಿತು.

ನನಗಿರುವುದು ಬೈಪೋಲಾರ್. ಅದರಿಂದ ಗಾರ್ಮೆಂಟ್ಸ್ ಕೆಲಸವೂ ಹೋಯಿತು. ಮಾಸಾಶನಕ್ಕೆ ಬೇಕಾದ ಅಂಗವಿಕಲರ ಕಾರ್ಡಿಗೆ ಅರ್ಜಿ ಹಿಡಿದು ಬೆಳಿಗ್ಗೆ ಗುಬ್ಬಿಯಿಂದ ತುಮಕೂರಿಗೆ ಬಂದೆ. ಕಚೇರಿಯ ಗುಮಾಸ್ತರು ಅರ್ಜಿಯ ಜೊತೆಗಿದ್ದ ನನ್ನ ಫೋಟೋ ನೋಡಿ ಮುಖ ಸಿಂಡರಿಸಿದರು.

“ಅಂಗವಿಕಲತೆ ಕಾಣೋ ಹಂಗಿರ್ಬೇಕಮ್ಮ. ಕಾಲಿಲ್ದೋರು ಕಾಲು ತೋರಿಸ್ತಾರೆ. ನಿಮ್ದೆಲ್ಲಿ?”

“ನಂದು ಮನಸ್ಸಿನ ಕಾಯಿಲೆ ಸಾರ್. ಡಾಕ್ಟ್ರು ಬರ್ದಿರೋದು ಜೊತೇಲೇ ಐತೆ.”

“ಒಂದ್ಕೆಲ್ಸ ಮಾಡಿ. ತಲೆ ಕೆದರ್ಕೊಂಡು ಒಂದು ಫೋಟೋ ತೆಗಿಸ್ಕೊಂಡು ಬನ್ನಿ.”

ಹೋದೆ. ಶಿರಾ ಗೇಟ್ ಹತ್ತಿರದ ಸ್ಟುಡಿಯೋದ ಭಾಯ್ ಬಾಚಣಿಗೆ, ಪೌಡರ್ ಡಬ್ಬಿ ಮುಂದಿಟ್ಟರು. “ನೀಟಾಗಿ ಬಾಚ್ಕೊಳ್ಳಿ ಅಕ್ಕಾ, ಸರ್ಕಾರಿ ಕೆಲ್ಸದ ಫೋಟೋ.” ಕಾಯಿಲೆ ಜೋರಾಗಿದ್ದ ದಿನಗಳಲ್ಲಿ ತಲೆ ಬಾಚಿಕೊಳ್ಳುವುದೇ ನನಗೆ ಬೆಟ್ಟ ಹತ್ತಿದಷ್ಟು ಕಷ್ಟವಿತ್ತು. ಇವತ್ತು ಬೈತಲೆ ತೆಗೆದು ಬಾಚಿಕೊಂಡೆ. ಪೌಡರನ್ನೂ ಹಚ್ಚಿಕೊಂಡೆ. ವಾಪಸ್ ಬಂದು ಆ ಫೋಟೋವನ್ನೇ ಗುಮಾಸ್ತರ ಮೇಜಿನ ಮೇಲಿಟ್ಟೆ.

“ಇದ್ರಲ್ಲಿ ಇನ್ನೂ ಚೆನ್ನಾಗಿ ಕಾಣ್ತಿದೀರಲ್ರೀ!”

“ಹಿಂಗೆ ಕಾಣ್ಲಿ ಅಂತಾನೇ ಸಾರ್ ದಿನಾ ಮಾತ್ರೆ ನುಂಗೋದು. ಇದನ್ನೇ ಅಂಟ್ಸಿ. ಆಗಲ್ಲ ಅಂದ್ರೆ, ತಲೆ ಕೆದರ್ಕೊಂಡು ಬರ್ಬೇಕು ಅಂತ ಬರ್ದು ಸೈನ್ ಹಾಕ್ಕೊಡಿ.”

ನನ್ನ ಹಿಂದೆ ಸಾಲಿನಲ್ಲಿದ್ದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು. ಗುಮಾಸ್ತರು ಗೋಂದು ಹುಡುಕಿದರು.

ಅದೇ ಫೋಟೋ ಈಗ ನನ್ನ ಡಿಪಿ. ಅದರಲ್ಲಿ ಕಾಯಿಲೆ ಎಲ್ಲಾದರೂ ಕಂಡರೆ ಕಮೆಂಟ್ ಮಾಡಿ, ಗುಮಾಸ್ತರಿಗೆ ತೋರಿಸಿ ಬರುತ್ತೇನೆ.