ಬೀಗತನ ಕೂಡಿಸಿದ ಕೈ

ಬೆಂದದ್ದು ವ್ಯಾನ್ ಓಡಿಸುತ್ತಿದ್ದ ಡ್ರೈವರಣ್ಣನ ಬಲಗೈ; ವ್ಯಾನನ್ನು ಗುತ್ತಿಗೆಗೆ ಬಿಟ್ಟವರದ್ದಲ್ಲ, ಅದನ್ನು ಗೊತ್ತುಮಾಡಿದ ಕಾರ್ಖಾನೆಯವರದ್ದೂ ಅಲ್ಲ. ಮಣಿಕಟ್ಟಿನಿಂದ ಮೊಳಕೈವರೆಗೆ ಆ ಚರ್ಮ ಈಗ ಹಾಲಿನ ಕೆನೆಯಂತೆ ನೆರಿಗೆಗಟ್ಟಿದೆ. ಅಲ್ಲಿ ರೋಮ ಬೆಳೆಯುವುದಿಲ್ಲ. ಬೆರಳುಗಳು ಪೂರ್ತಿ ಮಡಚುವುದಿಲ್ಲ.

ಹರದನಹಳ್ಳಿಯಿಂದ ಬದನಗುಪ್ಪೆಯ ಉಡುಪು ಕಾರ್ಖಾನೆಗೆ ನಮ್ಮನ್ನು, ಹೊಲಿಗೆ ವಿಭಾಗದ ಹೆಂಗಸರನ್ನು, ಕರೆದೊಯ್ಯುತ್ತಿದ್ದವರು ಅವರು. ಹತ್ತುವಾಗ ಪ್ರತಿಯೊಬ್ಬರ ಊಟದ ಡಬ್ಬಿಯನ್ನೂ ತಾವೇ ಈಸಿಕೊಂಡು ಸೀಟಿನ ಕೆಳಗೆ ಜೋಡಿಸುತ್ತಿದ್ದರು. ಯಾರದಾದರೂ ಹಗುರವೆನಿಸಿದರೆ, "ಸಾರು ಮನೇಲೇ ಬುಟ್ಟು ಬಂದ್ಯಾ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ವ್ಯಾನು ಹಳೆಯದು. ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ನೀರು ಹಾಯಿಸುವ ರಬ್ಬರ್ ಹೋಸು ಬಿರುಕುಬಿಟ್ಟಿದೆ, ಅಳತೆಗೆ ಸರಿಯಾದದ್ದನ್ನು ಕೊಡಿಸಿ ಎಂದು ಅವರು ಗುತ್ತಿಗೆದಾರರನ್ನು ಮತ್ತೆ ಮತ್ತೆ ಕೇಳಿದರು. ಇದ್ದುದರಲ್ಲೇ ನಡೆಸು ಎಂಬ ಉತ್ತರ ಬಂತು. ಕೊನೆಗೆ ಒಂದು ಭಾನುವಾರ ಗುಂಡ್ಲುಪೇಟೆಯ ಗುಜರಿ ಅಂಗಡಿಗೆ ಹೋಗಿ, ಕೇರಳದ ಯಾವುದೋ ಕಾರಿನಿಂದ ಬಿಚ್ಚಿದ ಹೋಸನ್ನು ತಂದರು. ಅದರ ಬಾಯಿ ದೊಡ್ಡದು, ನಮ್ಮ ವ್ಯಾನಿನ ಕೊಳವೆ ಸಣ್ಣದು. ನಡುವೆ ಇನ್ನೊಂದು ರಬ್ಬರ್ ತುಂಡನ್ನು ಸೋಪಿನ ನೀರು ಸವರಿ ತೂರಿಸಿ, ಮೇಲೆ ಕ್ಲಿಪ್ಪು ಬಿಗಿದರು. ಈ ಜೋಡಣೆಗೆ ಅವರಿಟ್ಟ ಹೆಸರು ಬೀಗತನ.

"ಕೇರಳದ ಎಣ್ಣು ದಪ್ಪ, ಚಾಮ್ರಾಜನಗರದ ಗಂಡು ಸಣ್ಕ. ಬೀಗತನ ಕೂಡ್ಸೋನು ನಾನು ಕಣಮ್ಮಿ," ಎಂದರು ನನಗೆ. ಹಬೆ ಸೋರಿದಾಗಲೆಲ್ಲ ನಮ್ಮನ್ನು ಕೆಳಗಿಳಿಸಿ, ಬೀಗರು ಜಗಳಕ್ಕೆ ಬಿದ್ದಿದ್ದಾರೆ, ದೂರ ನಿಲ್ಲಿ ಎನ್ನುತ್ತಿದ್ದರು. ಹೆಂಗಸರು ನಗುತ್ತಿದ್ದರು.

ನಾನು ನಗದೆ ವಾದಿಸಿದೆ. ನೀವು ಹೀಗೆ ಕೂಡಿಸುತ್ತ ಹೋದರೆ ಗುತ್ತಿಗೆದಾರರು ಎಂದಿಗೂ ಸರಿಯಾದ ಹೋಸು ಕೊಡಿಸುವುದಿಲ್ಲ, ಒಂದು ದಿನ ವ್ಯಾನು ತೆಗೆಯುವುದಿಲ್ಲವೆಂದು ಹೇಳಿಬಿಡಿ ಎಂದೆ.

"ನಾ ವ್ಯಾನ್ ತಗೀದೆ ಬುಟ್ರೆ ಅವ್ರಿಗೇನಮ್ಮಿ? ಗೇಟಾಚೆ ನಿಂತ್ಕಳರು ನೀವಲ್ವಾ?"

ಆ ಮಾತು ಸುಳ್ಳಾಗಿರಲಿಲ್ಲ. ತಡವಾಗಿ ಬಂದವರನ್ನು ಕಾರ್ಖಾನೆ ಮಧ್ಯಾಹ್ನದವರೆಗೆ ಒಳಗೆ ಬಿಡುತ್ತಿರಲಿಲ್ಲ; ಮತ್ತೆ ಮತ್ತೆ ತಡವಾದರೆ ಕೆಲಸವೇ ಹೋಗುತ್ತಿತ್ತು. ತಡವಾದದ್ದು ತಾನೇ ಗೊತ್ತುಮಾಡಿದ ವ್ಯಾನಿನಿಂದ ಎಂಬುದನ್ನೂ ಪರಿಗಣಿಸುತ್ತಿರಲಿಲ್ಲ. ವಾಹನ ಕೆಟ್ಟದ್ದಕ್ಕೆ ಅದರಲ್ಲಿ ಕುಳಿತವರನ್ನು ದಂಡಿಸುವ ನಿಯಮಕ್ಕೆ ಅನ್ಯಾಯವೆಂಬುದೇ ಸರಿಯಾದ ಹೆಸರು.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ, ಬದನಗುಪ್ಪೆ ಇನ್ನೇನು ಬಂತೆನ್ನುವಾಗ ಹಬೆ ಎದ್ದಿತು. ಎಂದಿನಂತೆ ನಮ್ಮನ್ನು ದೂರ ನಿಲ್ಲಿಸಿದರು. ಎಂಜಿನ್ನಿನ ಕಾವು ಆರುವವರೆಗೆ ಮುಟ್ಟದಿರುವುದು ಅವರ ಪದ್ಧತಿ. ಅಂದು ಗೇಟು ಮುಚ್ಚುವ ಹೊತ್ತಾಗಿತ್ತು, ಅವರು ಕಾಯಲಿಲ್ಲ. ಅಂಗೈಗೆ ಒದ್ದೆ ಗೋಣಿ ಸುತ್ತಿಕೊಂಡು ಕ್ಲಿಪ್ಪು ಬಿಗಿಯಲು ಹೋದರು. ಹೋಸು ಕಳಚಿತು. ಕುದಿಯುವ ನೀರು ತೋಳಿನುದ್ದಕ್ಕೂ ಹರಿಯಿತು.

ಚಾಮರಾಜನಗರದ ಆಸ್ಪತ್ರೆಯಲ್ಲಿ, ಬಟ್ಟೆ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದ ಅವರು ನನ್ನನ್ನು ಕಂಡೊಡನೆ ಕೇಳಿದರು: "ಗೇಟ್ ತಗುದ್ರಾ?"

ಇಲ್ಲ ಎಂದೆ. ಅವರು ಗೋಡೆಯತ್ತ ಮುಖ ತಿರುಗಿಸಿಕೊಂಡರು.

ಮರುವಾರ ಕಾರ್ಖಾನೆಯ ಸಾರಿಗೆ ವ್ಯವಸ್ಥಾಪಕರು ಗೇಟಿನ ಬಳಿ ನಮ್ಮೆಲ್ಲರನ್ನೂ ನಿಲ್ಲಿಸಿ, ಚಾಲಕನ ಅನಧಿಕೃತ ಜೋಡಣೆಯೇ ಅಪಘಾತಕ್ಕೆ ಕಾರಣ, ಆತನನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಸಾರಿದರು. ಕೇಳಿದ ಹೋಸನ್ನು ಕೊಡದವರು ಯಾರೆಂದು ಹೇಳಲಿಲ್ಲ. ನಮ್ಮನ್ನು ಹೊತ್ತಿಗೆ ಸರಿಯಾಗಿ ಒಳಗೆ ಸೇರಿಸಿದ ಬೀಗತನವೇ ಡ್ರೈವರಣ್ಣನ ಮೇಲಿನ ಆರೋಪವಾಯಿತು.

ಅವರೀಗ ಗುಂಡ್ಲುಪೇಟೆಯಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಎಡಗೈಯಲ್ಲಿ ಉಣ್ಣಬೇಕಾದ ಸಂಕೋಚಕ್ಕೆ ಮದುವೆಮನೆಗಳ ಪಂಕ್ತಿಯಲ್ಲಿ ಕೂರುವುದನ್ನೇ ಬಿಟ್ಟಿದ್ದಾರೆ. ಹರದನಹಳ್ಳಿಯ ಹೆಂಗಸರು ಇಂದಿಗೂ ಕೆಲಸ ಉಳಿಸಿಕೊಂಡಿದ್ದರೆ ಅದು ಅವರ ಋಣ, ಆ ಹೆಂಗಸರಲ್ಲಿ ನಾನೂ ಒಬ್ಬಳು.

ಆದ್ದರಿಂದ ಗುತ್ತಿಗೆದಾರರಿಗೂ ಕಾರ್ಖಾನೆಯ ಆಡಳಿತಕ್ಕೂ ನನ್ನ ಒತ್ತಾಯವಿದು: ಅವರ ಮೇಲೆ ಹೊರಿಸಿದ ಆರೋಪವನ್ನು ನಮ್ಮೆಲ್ಲರೆದುರು, ಬಾಯಿಬಿಟ್ಟು ಹಿಂತೆಗೆದುಕೊಳ್ಳಿ. ಆ ಕೈಯ ಚಿಕಿತ್ಸೆಯನ್ನು ವಹಿಸಿಕೊಂಡು, ಆ ಕೈಯಿಂದ ಆಗುವಂಥ ಕೆಲಸವನ್ನು ಅವರಿಗೆ ಕೊಡಿ. ನಿಮ್ಮ ವ್ಯಾನು ತಡವಾದ ದಿನ ಗೇಟು ತೆರೆದಿರಲಿ.