ಗಿರಣಿ ಹುಡುಗಿಯ ಬಾಯಲ್ಲಿ ಏನಿತ್ತು

ಲೈಡನ್ನಿನಲ್ಲಿ ಲಾಕ್‌ಡೌನ್ ಇದ್ದ ಆ ಚಳಿಗಾಲದಲ್ಲಿ ನಾನು ಬದುಕುತ್ತಿದ್ದದ್ದು ಬೇರೊಂದು ಊರಿನ ಬೇರೊಂದು ವರ್ಷದಲ್ಲಿ. ಊರು ಟಿಲ್‌ಬರ್ಗ್, ಈ ಡಚ್ ದೇಶದ ದಕ್ಷಿಣದಲ್ಲಿರುವ ಉಣ್ಣೆ ಗಿರಣಿಗಳ ಪಟ್ಟಣ. ವರ್ಷ, ಮೊದಲ ಮಹಾಯುದ್ಧದ ಕೊನೆಯದು. ಗಿರಣಿಗೆ ಉಣ್ಣೆ ಸಾಲದ, ಬ್ರೆಡ್ಡಿಗೂ ಪಡಿತರ ಚೀಟಿ ಬೇಕಾಗಿದ್ದ, ಅದೆಲ್ಲ ಸಾಲದೆಂಬಂತೆ ಫ್ಲೂ ಜ್ವರವೂ ಬಂದ ವರ್ಷ. ಅದರ ಬಗ್ಗೆ ನನ್ನ ಪಿಎಚ್‌ಡಿಗೆ ಒಂದು ಅಧ್ಯಾಯ ಬರೆಯಬೇಕಿತ್ತು. ಪತ್ರಾಗಾರ ಮುಚ್ಚಿತ್ತು. ತೆರೆದಿದ್ದದ್ದು ಪಕ್ಕದ ಮನೆಯ ಡಚ್ ಅಜ್ಜಿಯ ಬಾಯಿ ಒಂದೇ.

ಎಂಬತ್ತೆಂಟರ ಅಜ್ಜಿ ಟಿಲ್‌ಬರ್ಗಿನವರು. ಆ ವರ್ಷ ಅವರ ತಾಯಿಗೆ ಹದಿನಾಲ್ಕು. ನೇಯ್ದ ಬಟ್ಟೆಯಲ್ಲಿ ಉಳಿದ ಗಂಟುಗಳನ್ನು ಚಿಮಟದಿಂದ ಕೀಳುವ ಕೆಲಸ. ನಾವಿಬ್ಬರೂ ಮಹಡಿಯ ಉದ್ದ ಕಾರಿಡಾರಿನಲ್ಲಿ, ನಮ್ಮ ನಮ್ಮ ಬಾಗಿಲ ಮುಂದೆ ಕುರ್ಚಿ ಹಾಕಿ, ಕಾಲಿಗೆ ಕಂಬಳಿ ಸುತ್ತಿಕೊಂಡು ಕೂರುತ್ತಿದ್ದೆವು. ಅಜ್ಜಿಗೆ ಕಿವಿ ಮಂದ, ನನ್ನ ಡಚ್ಚೂ ಮಂದ. ಹಾಗಾಗಿ ಎಲ್ಲವನ್ನೂ ಕೂಗಿಯೇ ಹೇಳಿಕೊಳ್ಳಬೇಕಿತ್ತು.

"ನಮ್ಮೂರೋರನ್ನ ಏನಂತಾರೆ ಗೊತ್ತಾ? ಹೂಜಿಗೆ ಉಚ್ಚೆ ಹೊಯ್ಯೋರು!"

ಉಣ್ಣೆ ತೊಳೆಯಲು ಗಿರಣಿಗಳಿಗೆ ಹಿಂದೆ ಅದು ಬೇಕಿತ್ತಂತೆ. ಜನ ಮನೆಮನೆಯಲ್ಲೂ ಹೂಜಿಗಳಲ್ಲಿ ತುಂಬಿಸಿ ಮಾರುತ್ತಿದ್ದರಂತೆ. ನಾನು ನಕ್ಕೆ.

"ನಗು, ನಗು. ನಾವು ಆ ಹೆಸರಲ್ಲೇ ಕಾರ್ನಿವಲ್ ಮಾಡ್ತೀವಿ."

ಒಂದು ದಿನ ಅಜ್ಜಿ ಹೇಳಿದ್ದು: ಉಣ್ಣೆಯ ಧೂಳು ಗಂಟಲಿಗೆ ಇಳಿಯದಿರಲೆಂದು ತಾಯಿ ಕೆನ್ನೆಯೊಳಗೆ ಕಂದು ಸಕ್ಕರೆಯ ಉಂಡೆ ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದಳು. ಇಡೀ ವರ್ಷವೇ ಆ ಕೆನ್ನೆಯಲ್ಲಿ ಸಿಕ್ಕಂತಾಯಿತು ನನಗೆ. ನಮ್ಮ ವಿಭಾಗದಲ್ಲಿ ನಾನು ಕೊಡಬೇಕಿದ್ದ ಆನ್‌ಲೈನ್ ಉಪನ್ಯಾಸವನ್ನು ಅದರಿಂದಲೇ ಶುರುಮಾಡುವುದೆಂದೂ, ಆ ಮಾತನ್ನು ಅಜ್ಜಿಯೇ ಹೇಳುವುದೆಂದೂ ನಿಶ್ಚಯವಾಯಿತು. ಟಿಲ್‌ಬರ್ಗಿನಲ್ಲಿರುವ ಅವರ ನೆಂಟರೆಲ್ಲ ನೋಡುವವರಿದ್ದರು, ಮುಖ್ಯವಾಗಿ ತಂಗಿ.

"ಚಿಕ್ಕಂದಿನಿಂದ ನನ್ನನ್ನ ಸುಳ್ಳುಬುರುಕಿ ಅಂತಾಳೆ," ಅಂದರು ಅಜ್ಜಿ. "ಈ ಸಲ ಯೂನಿವರ್ಸಿಟಿನೇ ನನ್ನ ಕಡೆ ಇದೆ. ಅವಳ ಮುಖ ನೋಡ್ಬೇಕು ನಾನು!"

ಉಪನ್ಯಾಸಕ್ಕೆ ಎರಡು ದಿನವಿರುವಾಗ ದಾವಣಗೆರೆಯಿಂದ ಅಮ್ಮನ ವಿಡಿಯೊ ಕಾಲ್ ಬಂತು. ಸಕ್ಕರೆಯ ಕಥೆಯನ್ನು ಹೆಮ್ಮೆಯಿಂದ ಹೇಳಿದೆ. ಅಮ್ಮ ಬಿದ್ದು ಬಿದ್ದು ನಕ್ಕಳು.

"ಲೇ, ಅದು ನಿಮ್ಮಜ್ಜಿ ಬೆಲ್ಲ ಅಲ್ಲೇನೆ? ಇಲ್ಲಿ ಮಿಲ್‌ನಾಗೆ ಹತ್ತಿ ಧೂಳಿಗೆ ಅಂತ ಕೆನ್ನೆನಾಗೆ ಇಟ್ಕಂತಿದ್ಲು. ನಿನ್ನ ಡಚ್ ಅಜ್ಜಿ ನಮ್ಮವ್ವನ್ನೇ ಎತ್ಕಂಡು ಹೋಗ್ಯಾಳೆ!"

ಬೆಲ್ಲದ ಕಥೆಯನ್ನು ಕಾರಿಡಾರಿನಲ್ಲಿ ಕೂತು ಡಚ್ ಅಜ್ಜಿಗೆ ನಾನು ಹೇಳಿದ್ದೆನೇ? ಹೇಳಿರಲೇಬೇಕು. ಆದರೆ ಯಾವಾಗ, ಅವರು ಸಕ್ಕರೆಯ ಕಥೆ ಹೇಳುವ ಮೊದಲೋ ಆಮೇಲೋ? ನನಗೊಂದು ಅಭ್ಯಾಸವಿತ್ತು: ಅಜ್ಜಿ ಮಾತಾಡುವಾಗ ರೆಕಾರ್ಡರ್ ಹಾಕುವುದು, ನಾನು ಮಾತಾಡುವಾಗ ಆರಿಸುವುದು. ನನ್ನ ಮಾತು ಸಂಶೋಧನೆಯಲ್ಲ ಎಂಬ ವಿನಯ! ದಿನಚರಿಯಲ್ಲೂ ಅಷ್ಟೇ, ಕೇಳಿದ್ದನ್ನು ಬರೆದಿದ್ದೆ, ಹೇಳಿದ್ದನ್ನಲ್ಲ. ಹೋಗಲಿ, ಬೆಲ್ಲವಾದರೂ ನನ್ನ ನೆನಪೇ? ನಾನು ಹುಟ್ಟುವ ಮೊದಲೇ ನಮ್ಮಜ್ಜಿ ಮಿಲ್ ಬಿಟ್ಟಿದ್ದಳು.

ಬೆಳಿಗ್ಗೆ ಪಕ್ಕದ ಬಾಗಿಲು ತಟ್ಟಿ, ಹಿಂದೆ ಸರಿದು ನಿಂತು ಎಲ್ಲವನ್ನೂ ಹೇಳಿದೆ. ಆ ಭಾಗವನ್ನು ಬಿಟ್ಟುಬಿಡೋಣವೇ ಎಂದೂ ಕೇಳಿದೆ.

"ಬಿಟ್ರೆ ನಾನು ಬರೋದೇ ಇಲ್ಲ. ನಿಮ್ಮಜ್ಜಿಗೆ ಒಬ್ಬಳಿಗೇನಾ ಕೆನ್ನೆ ಇದ್ದದ್ದು?"

"ಆದ್ರೆ ಆ ವರ್ಷ ಸಕ್ಕರೆನೂ ಚೀಟಿಗೇ ಅಲ್ವಾ? ಗಿರಣಿ ಹುಡುಗಿಗೆ ಎಲ್ಲಿಂದ ಬರಬೇಕು, ನೀವೇ ಹೇಳಿ."

"ಸಕ್ಕರೆ ಅಲ್ವೇನೋ. ಆದ್ರೆ ಏನೋ ಇತ್ತು," ಅಂದರು ಅಜ್ಜಿ ನಿಧಾನವಾಗಿ. "ಗಿರಣಿ ಬಿಟ್ಟ ಮೇಲೂ ಅಮ್ಮನ ಬಾಯಲ್ಲಿ ಇರ್ತಿತ್ತು. ಅಡುಗೆ ಮಾಡ್ತಾ ಹಲ್ಲಿಗೆ ತಾಗಿಸಿ ಟಕ್ ಟಕ್ ಅನ್ನಿಸೋಳು."

ಆಮೇಲೆ, ಔಷಧಿ ಕುಡಿಯುವವರ ಮುಖ ಮಾಡಿಕೊಂಡು, ತಂಗಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಅಮ್ಮನ ಬಾಯಲ್ಲಿ ಏನಿರ್ತಿತ್ತೇ?"

"ಗೊರಟೆ," ಅಂದರು ತಂಗಿ. "ಪ್ಲಮ್ ಹಣ್ಣಿನ ಗೊರಟೆ. ಧೂಳಿಗೆ ಬಾಯಿ ಒಣಗಬಾರದು ಅಂತ ಗಿರಣೀಲಿ ಕಲಿತದ್ದು. ರಾತ್ರಿ ತೊಳೆದು ಕಿಟಕಿ ಹತ್ರ ಇಡೋಳು. ನೀನು ಅದನ್ನ ಮರ ಬೆಳೆಸ್ತೀನಿ ಅಂತ ಹಿತ್ತಲಲ್ಲಿ ಹೂತು ಒದೆ ತಿಂದಿದ್ದೆಯಲ್ಲೇ!"

ಅಜ್ಜಿ ತೊಡೆ ತಟ್ಟಿಕೊಂಡರು. "ಹೂತಿದ್ದೆ! ಹೌದು, ಹೂತಿದ್ದೆ!"

ಇಬ್ಬರು ಅಕ್ಕತಂಗಿಯರು ಒಪ್ಪಿದ ಮಾತ್ರಕ್ಕೆ ಅದು ಪುರಾವೆಯಾಗುವುದಿಲ್ಲ, ಗೊತ್ತು. ಆದರೆ ಗೊರಟೆ ಕರಗುವುದಿಲ್ಲ, ಅದಕ್ಕೆ ಪಡಿತರದ ಚೀಟಿಯೂ ಬೇಡ. ಮತ್ತು ಅದು ದಾವಣಗೆರೆಯದಲ್ಲ. ಬೆಲ್ಲ ಹೇಗೆ ಸಕ್ಕರೆಯಾಯಿತೆಂಬುದನ್ನೂ ಉಪನ್ಯಾಸದಲ್ಲಿ ಹೇಳುವುದೆಂದು ನಿರ್ಧರಿಸಿದೆ.

ಉಪನ್ಯಾಸದ ದಿನ ಅಜ್ಜಿ ಲಿಪ್‌ಸ್ಟಿಕ್ ಹಚ್ಚಿ, ತಮ್ಮ ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂತರು. ನಾನು ಮೊದಲು ನನ್ನ ಗೊಂದಲವನ್ನು ವಿವರಿಸಿದೆ. ಆಮೇಲೆ ಅವರು ಗೊರಟೆಯ ಕಥೆಯನ್ನು, ಆ ಟಕ್ ಟಕ್ ಸದ್ದನ್ನೂ ಮಾಡಿ ತೋರಿಸುತ್ತ, ಎಂದೂ ಮರೆತೇ ಇರದವರ ಹಾಗೆ ಹೇಳಿದರು. ಫೋನು ಮಾಡಿ ಕೇಳಿದ್ದರ ಸುದ್ದಿಯನ್ನೇ ಎತ್ತಲಿಲ್ಲ.

ತಂಗಿಯ ಮೈಕು ತೆರೆಯಿತು. "ಅದನ್ನ ನೆನಪು ಮಾಡಿಕೊಟ್ಟವಳು ನಾನು!"

"ಒದೆ ತಿಂದವಳು ನಾನು," ಅಂದರು ಅಜ್ಜಿ. "ನೆನಪೂ ನಂದೇ."

ಪರದೆಯ ಮೇಲಿನ ಚೌಕಗಳಲ್ಲೆಲ್ಲ ನಗು. ತಂಗಿಯೂ ನಕ್ಕು, ತಲೆ ಅಲ್ಲಾಡಿಸಿ, "ಒದೆ ತಿಂದದ್ದು ಮಾತ್ರ ನಿಜ" ಅಂದರು.

ಅಜ್ಜಿಗೆ ಅಷ್ಟು ಸಾಕಾಯಿತು. ಮೈಕು ಮುಚ್ಚುವುದನ್ನೂ ಮರೆತು, ನಮ್ಮ ನಡುವಿನ ಗೋಡೆಗೆ ಕೇಳುವಂತೆ ಕೂಗಿದರು:

"ಕೇಳಿಸ್ತಾ? ನಿಜ ಅಂದ್ಲು! ಬರ್ಕೋ!"